ಮರಿರೊಪ್ಪದ ಗೆರೆ

ಎರಡನೆಯ ಗೂಟಕ್ಕೆ ಜುಂಜಮ್ಮ ನಾಲ್ಕು ಏಟು ಹಾಕಿ, ಅಲ್ಲಾಡಿಸಿ ನೋಡಿ, ಇನ್ನೊಂದು ಏಟು ಹಾಕಿದಳು. ಮೊದಲ ಗೂಟದಿಂದ ಅದಕ್ಕೆ ಸರಿಯಾಗಿ ಎಂಟು ಮೊಳ. ಸೊಸೆ ಪುಟ್ಟಕ್ಕ, ತುದಿಗಳನ್ನು ಸೇರಿಸಿ ಗಂಟು ಹಾಕಿದ್ದ ಹಗ್ಗವನ್ನು ಎರಡೂ ಗೂಟಗಳಿಗೆ ಬಳಸಿ, ಒಳಗೆ ಕೋಲು ತೂರಿಸಿ ಬಿಗಿಯಾಗಿ ಎಳೆದು ನಿಂತಳು. ಬಿಗಿ ಸಡಿಲದಂತೆ ಕೋಲು ಒಂದು ಸುತ್ತು ಬಂದರೆ ನೆಲದಲ್ಲಿ ಮೂಡುವ ಗೆರೆಯ ಮೇಲೇ ಮರಿರೊಪ್ಪದ ಬೇಲಿ. ಕುರಿಮರಿಗಳ ರೊಪ್ಪಕ್ಕೆ ಮೂಲೆ ಇರಬಾರದು. ಇದ್ದರೆ ಚಳಿಗೆ ಮರಿಗಳೆಲ್ಲ ಅಲ್ಲಿಗೇ ಒತ್ತಿಕೊಂಡು, ಅಡಿಗೆ ಸಿಕ್ಕಿದ್ದು ಉಸಿರುಕಟ್ಟಿ ಸಾಯುತ್ತದೆ. ಪೂರ್ತಿ ದುಂಡಗೆ ಮಾಡೋಣವೆಂದರೆ, ಮಿಡಿಗೇಶಿ ಬೆಟ್ಟದ ಬುಡದ ಆ ಜಾಗ ಬಂಡೆಗೂ ಗೋಡೆಗೂ ನಡುವೆ ಉದ್ದಕ್ಕಿತ್ತು.

ಪ್ರತಿವರ್ಷ ಗೆರೆ ಎಳೆಯುತ್ತಿದ್ದವಳು ಪುಟ್ಟಕ್ಕನ ನಾದಿನಿ. ಅವಳು ಮದುವೆಯಾಗಿ ಶಿರಾ ಕಡೆ ಹೋದದ್ದರಿಂದ ಈ ಸಲ ಕೋಲು ಪುಟ್ಟಕ್ಕನ ಕೈಗೆ ಬಂದಿತ್ತು.

ಅವಳ ಮನಸ್ಸು ಮಾತ್ರ ಗೋಡೆಗೂಡಿನಲ್ಲಿದ್ದ ಇನ್‌ಲ್ಯಾಂಡ್ ಕಾಗದದ ಮೇಲಿತ್ತು. ಊರಲ್ಲಿ ರಾತ್ರಿಶಾಲೆ ನಡೆಸಿ ಅವಳನ್ನು ಎಸ್ಸೆಸ್ಸೆಲ್ಸಿ ದಾಟಿಸಿದ ಶಂಕರಲಿಂಗಪ್ಪ ಮೇಷ್ಟ್ರು ಈಗ ಮಧುಗಿರಿಯಲ್ಲಿದ್ದರು. ಅಲ್ಲಿಂದ ಹತ್ತು ಲೆಕ್ಕ ಅಂಚೆಯಲ್ಲಿ ಕಳಿಸಿ, ಹತ್ತೂ ಸರಿಬಂದರೆ ಖಾಸಗಿಯಾಗಿ ಪಿಯುಸಿಗೆ ಕೂರಲು ಅರ್ಜಿ ಹಾಕಿಸುತ್ತೇನೆ ಎಂದಿದ್ದರು. ಒಂಬತ್ತು ಸರಿಬಂದವು. ಹತ್ತನೆಯದನ್ನು ಮೇಷ್ಟ್ರು ಇದೇ ರೊಪ್ಪವನ್ನು ನೆನೆದು ಕಟ್ಟಿದ್ದರು: ಎಂಟು ಮೊಳ ದೂರದ ಎರಡು ಗೂಟ, ಸುತ್ತ ಹದಿನೆಂಟು ಮೊಳದ ಹಗ್ಗ, ಕೋಲು ಬರೆಯುವ ದೀರ್ಘವೃತ್ತದ ಸಮೀಕರಣವೇನು? ಅವಳ ಉತ್ತರ ಕೆಂಪು ಗೀಟು ಹೊತ್ತು ಹಿಂದಕ್ಕೆ ಬಂತು. ಮೂರು ತಿಂಗಳಾದರೂ ಇನ್‌ಲ್ಯಾಂಡಿನಲ್ಲಿ ‘ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು’ ಎಂಬುದರ ಕೆಳಗೆ ಏನೂ ಇರಲಿಲ್ಲ. ಅರ್ಜಿಗೆ ಉಳಿದಿದ್ದದ್ದು ಹತ್ತೇ ದಿನ.

“ಅತ್ತೆ, ಇದು ಇಲ್ಲಿ ಹಿಡಿಯಕ್ಕಿಲ್ಲ,” ಎಂದಳು ಪುಟ್ಟಕ್ಕ. “ಉದ್ದ ಹದಿನೆಂಟು ಮೊಳ ಬತ್ತದೆ, ಬಂಡೆಗೆ ತಗಲ್ತದೆ.”

“ಹತ್ತು ಕಣಮ್ಮ. ನಿಮ್ಮೇಷ್ಟ್ರು ಬಂಡೆ ಒಡ್ಯದೂ ಹೇಳ್ಕೊಟ್ಟವ್ರಾ?”

“ಲೆಕ್ಕ ಮಾಡಿವ್ನಿ ಅತ್ತೆ.”

“ಅಂಗಾದ್ರೆ ಎಳೆದ್ಬುಡು, ನೋಡ್ಬುಡಾನ.”

ಪುಟ್ಟಕ್ಕ ಎಳೆದಳು. ಬಂಡೆ ದೂರದಲ್ಲೇ ಉಳಿಯಿತು. ಜುಂಜಮ್ಮ ಬಗ್ಗಿ ಮೊಳ ಹಾಕಿದಳು, ಸರಿಯಾಗಿ ಹತ್ತು. ಸೊಸೆಯ ಮುಖ ನೋಡಿ ನಕ್ಕಳು.

ಪುಟ್ಟಕ್ಕನಿಗೆ ನಾಚಿಕೆಯಾಗಲಿಲ್ಲ. ಅವಳು ಕೋಲನ್ನು ಮತ್ತೆ ಮಧ್ಯಕ್ಕೆ ತಂದು ಹಗ್ಗ ಬಿಗಿಮಾಡಿ ನಿಂತು ನೋಡಿದಳು. ಹಗ್ಗ ಮೂರು ಬದಿಯಾಗಿ ಕಾಣಿಸಿತು. ಎರಡು ಬದಿ ಅವಳ ಕೋಲಿನ ಜೊತೆ ಓಡಾಡುತ್ತಿದ್ದವು. ಮೂರನೆಯದು, ಎಂಟು ಮೊಳ, ಗೂಟದಿಂದ ಗೂಟಕ್ಕೆ ಸುಮ್ಮನೆ ಬಿದ್ದಿತ್ತು. ಮನೆಯಲ್ಲಿ ಎಲ್ಲರೂ ಅದನ್ನು ಹದಿನೆಂಟು ಮೊಳದ ಹಗ್ಗ ಎಂದೇ ಕರೆಯುತ್ತಿದ್ದರು. ಅವಳೂ ಹದಿನೆಂಟನ್ನೇ ಲೆಕ್ಕಕ್ಕೆ ಹಿಡಿದಿದ್ದಳು. ಕೋಲಿಗೆ ಸಿಗುವುದು ಹತ್ತೇ.

ಅಲ್ಲೇ ಧೂಳಿನಲ್ಲಿ ಕುಳಿತಳು. ಕೋಲಿರುವ ಜಾಗ ಎಕ್ಸ್, ವೈ. ನಡುವಿನಿಂದ ಗೂಟಗಳು ಆಚೆ ನಾಲ್ಕು, ಈಚೆ ನಾಲ್ಕು. ಕೋಲು ಎಲ್ಲೇ ಇರಲಿ, ಎರಡು ಗೂಟಗಳಿಗೂ ಇರುವ ದೂರ ಕೂಡಿದರೆ ಹತ್ತು. ಆ ದೂರಗಳು ಎರಡು ವರ್ಗಮೂಲಗಳಾಗಿ ಬಂದವು; ಅವು ಒಂದೇ ಕಡೆ ಇದ್ದರೆ ಹಟ ಹಿಡಿಯುತ್ತವೆ. ಒಂದನ್ನು ಆಚೆಗೆ ದಾಟಿಸಿ ವರ್ಗ ಮಾಡಿದಳು. ಉಳಿದ ಮೂಲವನ್ನು ಒಂಟಿ ಮಾಡಿ ಮತ್ತೊಮ್ಮೆ ವರ್ಗ ಮಾಡಿದಳು. ಅವಸರ ಮಾಡಲಿಲ್ಲ. ಕೊನೆಗೆ ಎಕ್ಸ್ ವರ್ಗದ ಕೆಳಗೆ ಇಪ್ಪತ್ತೈದು, ವೈ ವರ್ಗದ ಕೆಳಗೆ ಒಂಬತ್ತು, ಎರಡೂ ಕೂಡಿದರೆ ಒಂದು ಎಂದು ನಿಂತಿತು. ಇಪ್ಪತ್ತೈದರ ಮೂಲ ಐದು. ಉದ್ದ ಅದರ ಎರಡರಷ್ಟು, ಹತ್ತು. ಒಂಬತ್ತರ ಮೂಲ ಮೂರು.

“ಅತ್ತೆ, ಅಡ್ಡಕ್ಕೆ ಆರು ಮೊಳ. ಬೇಕಾದ್ರೆ ನೋಡಿ.”

ಜುಂಜಮ್ಮ ಅಳೆದಳು. ಮತ್ತೊಮ್ಮೆ ಅಳೆದಳು. “ಇದ ನಾನು ನಿಂಗೆ ಹೇಳೇ ಇರ್ಲಿಲ್ವಲ್ಲೇ,” ಎಂದಳು. ಸೊಸೆ ಕಾಗದದ ವಿಷಯ ಹೇಳಿದಾಗ ಕೈಯಿಂದ ಕೋಲು ಕಿತ್ತುಕೊಂಡಳು. “ಹೋಗಿ ಹಾಕ್ಬುಟ್ಟು ಬಾ. ಬೇಲಿಗೆ ಮುಳ್ಳು ನಾನು ತುಂಬ್ತೀನಿ.”

ನಮಸ್ಕಾರದ ಕೆಳಗೆ ಪುಟ್ಟಕ್ಕ ಲೆಕ್ಕವನ್ನು ಸಾಲುಸಾಲಾಗಿ ಇಳಿಸಿದಳು. ಅದರಡಿ ಬರೆದಳು: ‘ಗೂಟಗಳ ನಡುವಿನ ಎಂಟು ಮೊಳ ಬಿಡುವುದನ್ನು ಮರೆತಿದ್ದೆ. ಅರ್ಜಿಗೆ ನನ್ನ ಹೆಸರು ಸೇರಿಸಿ.’ ಅನ್ನದ ಅಗುಳಿನಿಂದ ಅಂಚು ಅಂಟಿಸಿ, ಮಧುಗಿರಿ ಬಸ್ಸು ನಿಲ್ಲುವಲ್ಲಿದ್ದ ಅಂಚೆಡಬ್ಬಿಗೆ ಹಾಕಿದಳು. ಎಲ್ಲಾದರೂ ಸಿಕ್ಕಿಕೊಂಡೀತೆಂದು ಡಬ್ಬಿಯ ಬಾಯೊಳಗೆ ಬೆರಳು ಹಾಕಿ ನೋಡಿದಳು. ಕಾಗದ ತಳ ಸೇರಿತ್ತು.