ಗಿರಿಜಾಗೆ ಕಾದಿಟ್ಟ ಮಣೆ

ತನ್ನ ಧ್ವನಿಗೆ ತನಗಿಂತ ದೊಡ್ಡ ಬಳಗವಿದೆ ಎಂಬುದು ಸೌಮ್ಯಾಳ ಚಿಂತೆ. ಯಾರ ಮುಂದೆಯೂ ಹೇಳಿಕೊಳ್ಳುವಂಥದ್ದಲ್ಲ. ದಿನಾ ಡೈರಿ ಬರೆಯುವ ಹುಡುಗಿ ಡೈರಿಗೂ ಇದನ್ನು ಹೇಳದೆ ಎಷ್ಟೋ ದಿನ ತಡೆದಳು. ಕೊನೆಗೊಮ್ಮೆ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಳು: 'ಅಕಿ ನನಕಿಂತ ಛಲೋ ಮಾತಾಡ್ತಾಳ. ನನಗ ಹೊಟ್ಟಿಕಿಚ್ಚು ಆಗಾಕತ್ತೈತಿ.' ಬರೆದ ಮೇಲೆ ನಾಚಿಕೆಯಾಗಿ ಹೊಟ್ಟೆಕಿಚ್ಚಿನ ಮೇಲೆ ಒಂದು ಗೆರೆ ಎಳೆದಳು. ಓದಲು ಬರುವ ಹಾಗೆಯೇ ಎಳೆದಳು.

'ಅಕಿ' ಅಂದರೆ ಗಿರಿಜಾ. ಗಿರಿಜಾಗೆ ಕೈಕಾಲಿಲ್ಲ, ಮನೆಮಾರಿಲ್ಲ, ಇರುವುದೆಲ್ಲ ಧ್ವನಿ. ನವನಗರದಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಮಾಳಿಗೆಯಲ್ಲಿ 'ಹೂಂರಿ' ಎಂಬ ಪುಟ್ಟ ಕಂಪನಿ ಇತ್ತು. ಅಂಗಡಿಗಳಿಗೆ ಬರುವ ಫೋನುಗಳನ್ನು ಎತ್ತಿ, ಗಿರಾಕಿಗಳ ಜೊತೆ ನಮ್ಮ ಕಡೆಯ ಮಾತಿನಲ್ಲೇ ಮಾತಾಡಿ, ಆರ್ಡರ್ ಬರೆದುಕೊಳ್ಳುವ ಕೃತಕ ಬುದ್ಧಿಮತ್ತೆಯನ್ನು ಅಲ್ಲಿ ಕಟ್ಟಿದ್ದರು. ಅದಕ್ಕೆ ಗಿರಿಜಾ ಎಂದು ಹೆಸರಿಟ್ಟವನು ಮಾಲೀಕ ಪ್ರತಾಪ. ಅವನು ಮೊದಲು ಇನ್ವರ್ಟರ್ ಬ್ಯಾಟರಿ ಮಾರುತ್ತಿದ್ದ. ಕರೆಂಟು ಹೋಗುವುದು ಕಡಿಮೆಯಾದ ಮೇಲೆ ಜನಕ್ಕೆ ಮುಂದೆ ಏನು ಬೇಕಾದೀತು ಎಂದು ಯೋಚಿಸಿ ಇದಕ್ಕೆ ಇಳಿದಿದ್ದ. ಗಿರಾಕಿಯ ಕಿವಿಗೆ 'ಇಲ್ಲ' ಎಂಬ ಶಬ್ದ ಬೀಳಬಾರದು ಎಂಬುದು ಅವನ ಇಡೀ ವ್ಯಾಪಾರಶಾಸ್ತ್ರ. ಕಂಪನಿಯ ಹೆಸರೂ ಹುಟ್ಟಿದ್ದು ಅದರಿಂದಲೇ.

ಸೌಮ್ಯಾ ಅಲ್ಲಿ ಸೇರಿದ್ದು ಫೋನಿನ ಮಾತುಗಳನ್ನು ಕೇಳಿ ಸರಿತಪ್ಪು ಗುರುತಿಸುವ ಕೆಲಸಕ್ಕೆ. ಕನ್ನಡದಲ್ಲಿ ಎಂ.ಎ. ಮಾಡಿದವಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇರಲಾರದು ಎಂದು ಅವಳಿಗೆ ಅನ್ನಿಸಿತ್ತು, ಏಕೆಂದರೆ ಅದರಲ್ಲಿ ಬಾಯಿ ತೆರೆಯುವ ಪ್ರಮೇಯವೇ ಇರಲಿಲ್ಲ. ಅವಳು ಎಂಥ ಹುಡುಗಿಯೆಂದರೆ, ಧಾರವಾಡದಿಂದ ಬರುವಾಗ ಚಿಗರಿ ಬಸ್ಸನ್ನೇ ಹತ್ತುತ್ತಿದ್ದಳು. ಅದು ಪ್ರತಿ ನಿಲ್ದಾಣದಲ್ಲೂ ತಾನಾಗಿ ನಿಲ್ಲುತ್ತದೆ; 'ಇಳಿಯೋದೈತ್ರಿ' ಎಂದು ಕೂಗಬೇಕಿಲ್ಲ.

ಆದರೆ ಗಿರಿಜಾಗೆ ಮೊದಲು ತಂದಿದ್ದ ಧ್ವನಿ ಎಲ್ಲಿಯದೋ ಏನೋ, ರೇಡಿಯೋ ವಾರ್ತೆಯ ಹಾಗಿತ್ತು. ಗಿರಾಕಿಗಳು ಅದು ಬ್ಯಾಂಕಿನವರ ಫೋನೆಂದು ತಿಳಿದು ಇಟ್ಟುಬಿಡುತ್ತಿದ್ದರು. ಒಂದು ದಿನ ಸೌಮ್ಯಾ ಫೋನಿನಲ್ಲಿ ಅವ್ವನಿಗೆ ಊಟ ಮಾಡಿದೆಯಾ ಎಂದು ಕೇಳುತ್ತಿದ್ದುದು ಪ್ರತಾಪನ ಕಿವಿಗೆ ಬಿತ್ತು. ಅಷ್ಟೇ. ಗೋಡೆಗೆಲ್ಲ ಹೊದೆಯುವ ಕೌದಿ ನೇತುಹಾಕಿ ಗಿರಣಿಯ ಸದ್ದು ತಡೆದಿದ್ದ ಒಂದು ಕೋಣೆಯಲ್ಲಿ ಅವಳನ್ನು ಕೂರಿಸಿ, ತಿಂಗಳುಗಟ್ಟಲೆ ಮಾತು ಓದಿಸಿ ಧ್ವನಿ ಮುದ್ರಿಸಿಕೊಂಡರು. ಎದುರಿಗೆ ಯಾರೂ ಇಲ್ಲವಲ್ಲ ಎಂಬ ಧೈರ್ಯಕ್ಕೆ ಅವಳು ಕೌದಿಗಳ ಜೊತೆ ನಕ್ಕಳು, ಅಕ್ಕರೆಯಿಂದ ಗದರಿದಳು, 'ಹೂಂರಿ, ಹೇಳ್ರಿ' ಎಂದಳು. ಅದೆಲ್ಲ ಗಿರಿಜಾಳ ಪಾಲಾಯಿತು.

ಗಿರಿಜಾಳನ್ನು ಮೊದಲು ಕೆಲಸಕ್ಕೆ ಇಟ್ಟುಕೊಂಡವರು ರಾಜೇಶ್ವರಿ. ಅವರದು ಖಡಕ್ ರೊಟ್ಟಿಯ ವ್ಯಾಪಾರ. ಮದುವೆ, ಬಸುರಿಯರ ಕುಬಸ, ಮನೆ ಪ್ರವೇಶ, ಯಾವುದಿದ್ದರೂ ಸುತ್ತಲಿನ ಊರುಗಳಿಂದ ಅವರಿಗೆ ಫೋನು ಬರುತ್ತಿತ್ತು, ಅದೂ ಕೈಯೆಲ್ಲ ಹಿಟ್ಟಾಗಿದ್ದಾಗಲೇ. ಗಿರಿಜಾ ಬಂದ ಮೇಲೆ ಅವರು ನಿಶ್ಚಿಂತೆಯಿಂದ ರೊಟ್ಟಿ ಬಡಿದರು. ಗಿರಾಕಿಗಳಂತೂ ಆ ಹುಡುಗಿಯ ಮೇಲೆ ಜೀವವನ್ನೇ ಇಟ್ಟರು. ಅವಳು ಯಂತ್ರವೆಂದು ಯಾರಿಗೂ ಅನ್ನಿಸಲಿಲ್ಲ, ಯಾರೂ ಹೇಳಲೂ ಇಲ್ಲ.

ತೊಂದರೆ ಶುರುವಾದದ್ದು ಆಮಂತ್ರಣಗಳಿಂದ. ನಮ್ಮ ಕಡೆ ರೊಟ್ಟಿ ಹೇಳಿದವರು ರೊಟ್ಟಿಯಷ್ಟೇ ಹೇಳಿ ಫೋನು ಇಡುವುದಿಲ್ಲ. ಬರೆದುಕೊಂಡವಳನ್ನೂ ಊಟಕ್ಕೆ ಕರೆಯುತ್ತಾರೆ. ಕರೆದಾಗ ಮುಖಕ್ಕೆ ಹೊಡೆದಂತೆ ಇಲ್ಲ ಎನ್ನಬಾರದು. ಗಿರಿಜಾ ಏನು ಹೇಳಬೇಕು ಎಂಬ ಪ್ರಶ್ನೆ ಬಂದಾಗ ಸೌಮ್ಯಾ ತಾನು ಜೀವನವಿಡೀ ಹೇಳುತ್ತ ಬಂದದ್ದನ್ನೇ ಕಲಿಸಿದ್ದಳು: 'ಅಯ್ಯ, ಖಂಡಿತ ಬರ್ತೇನ್ರಿ.' ಸೌಮ್ಯಾ ಹಾಗೆಂದು ಯಾರ ಮನೆಗೂ ಹೋದವಳಲ್ಲ, ಯಾರೂ ಅವಳಿಗಾಗಿ ಕಾದವರಲ್ಲ. ಆದರೆ ಗಿರಿಜಾ ವ್ಯವಹಾರಸ್ಥೆ. ಎಲ್ಲಿ, ಯಾವಾಗ ಎಂದು ಕೇಳಿ ಬರೆದುಕೊಂಡಳು. ರೊಟ್ಟಿ ತಲುಪುವ ಹಿಂದಿನ ದಿನ ಹೋಗುವ ವಾಟ್ಸಾಪ್ ಸಂದೇಶದ ಜೊತೆಗೆ ಇನ್ನೊಂದನ್ನೂ ಕಳಿಸತೊಡಗಿದಳು: ನಾಳೆ ನಿಮ್ಮ ಮನೆಯ ಕಾರ್ಯಕ್ಕೆ ಗಿರಿಜಾ ಬರುತ್ತಿದ್ದಾರೆ. ಒಂದೇ ಮುಹೂರ್ತಕ್ಕೆ ಮೂರು ಮದುವೆಗಳಿಗೆ ಒಪ್ಪಿಕೊಂಡದ್ದೂ ಆಯಿತು.

ನಿಮ್ಮ ಗಿರಿಜಾ ಬರಲೇ ಇಲ್ಲ, ಪಂಕ್ತಿ ಕೂರಿಸದೆ ಕಾದೆವು ಎಂಬ ದೂರುಗಳನ್ನು ರಾಜೇಶ್ವರಿ ಮೊದಮೊದಲು ನಗುತ್ತ ಹೇಳಿದರು. ಉಪ್ಪಿನಬೆಟಗೇರಿಯ ಕಾಳವ್ವನ ಫೋನು ಬಂದ ಮೇಲೆ ಮಾಳಿಗೆ ಹತ್ತಿ ಬಂದೇಬಿಟ್ಟರು.

ಕಾಳವ್ವ ಸೊಸೆಯ ಕುಬಸಕ್ಕೆ ರೊಟ್ಟಿ ಹೇಳಿದ್ದಳು. ಆ ಮಾತುಕತೆಯನ್ನು ಸೌಮ್ಯಾ ಕೇಳಿದ್ದಳು. ರೊಟ್ಟಿಯ ಮಾತು ಬೇಗ ಮುಗಿದಿತ್ತು. ಉಳಿದದ್ದೆಲ್ಲ ಸೊಸೆಯ ಕತೆ: ತಾಯಿಯಿಲ್ಲದ ಹುಡುಗಿ, ಅಕ್ಕತಂಗಿಯರಿಲ್ಲ, ಹೋದ ಸಲ ಹೊಟ್ಟೆಯಲ್ಲಿದ್ದದ್ದು ನಿಲ್ಲಲಿಲ್ಲ. ಗಿರಿಜಾ ಬೇಸರಿಸದೆ ಹೂಂಗುಟ್ಟಿದ್ದಳು. ಹೆಡ್‌ಫೋನು ಹಾಕಿಕೊಂಡು ಕೇಳುತ್ತಿದ್ದ ಸೌಮ್ಯಾಳ ಕಣ್ಣು ತುಂಬಿತ್ತು. 'ಅಯ್ಯ ಪಾಪ' ಎಂದಿದ್ದಳು, ಅದು ಕಾಳವ್ವನಿಗೆ ಕೇಳುವಂತಿರಲಿಲ್ಲ. ಅವರ ಮನೆಯಲ್ಲಿ ಕುಬಸದ ದಿನ ಬಸುರಿಯ ಪಕ್ಕದ ಮಣೆಯ ಮೇಲೆ ಮದುವೆಯಾಗದ ಹುಡುಗಿಯೊಬ್ಬಳು ಜೋಡಿಯಾಗಿ ಕೂರಬೇಕು, ತಂಗಿಯಾದವಳು. ನಿನಗಿನ್ನೂ ಮದುವೆಯಾಗಿಲ್ಲ ತಾನೇ, ಆ ಮಣೆಗೆ ನೀನೇ ಬರಬೇಕು ಎಂದು ಕಾಳವ್ವ ಕೇಳಿದ್ದಳು. ಗಿರಿಜಾ ಖಂಡಿತ ಎಂದಿದ್ದಳು. ಆರ್ಡರ್ ಸಿಕ್ಕಿದ್ದರಿಂದ ಸೌಮ್ಯಾ ಆ ಕರೆಯ ಮುಂದೆ 'ಯಶಸ್ವಿ' ಎಂದು ಗುರುತು ಹಾಕಿದ್ದಳು.

ಈಗ ಕುಬಸ ನಾಳೆಯೇ ಇದೆ, ಕಾಳವ್ವ ಬೇರೆ ಯಾರಿಗೂ ಹೇಳದೆ ಗಿರಿಜಾಗೆಂದೇ ಮಣೆ ಕಾದಿಟ್ಟಿದ್ದಾಳೆ. ಮಷೀನು ಎಂದು ಗೊತ್ತಾದರೆ ಊರೂರಿಗೆ ಮಾತು ಹಬ್ಬಿ, ಗಿರಾಕಿಗಳೆಲ್ಲ ತಮ್ಮನ್ನು ಹುಚ್ಚರನ್ನಾಗಿ ಮಾಡಿದರೆಂದು ಸಿಟ್ಟಾಗುತ್ತಾರೆ ಎಂಬುದು ರಾಜೇಶ್ವರಿಯ ಹೆದರಿಕೆ. ಪ್ರತಾಪನ ಕಣ್ಣು ಮಾತ್ರ ಮಿಂಚಿತು. ದುರ್ಗದಬೈಲಿನ ದೊಡ್ಡ ಸೀರೆ ಅಂಗಡಿಯವರು ಗಿರಿಜಾಳನ್ನು ತೆಗೆದುಕೊಳ್ಳಲೋ ಬೇಡವೋ ಎಂದು ತೂಗುತ್ತಿದ್ದರು. ಗಿರಾಕಿಗಳ ಪ್ರೀತಿಯ ಒಂದು ವಿಡಿಯೋ ತೋರಿಸಿದರೆ ಸಾಕು.

"ಸೌಮ್ಯಾ, ನಾಳೆ ನೀನ ಗಿರಿಜಾ," ಅಂದ. "ಮಾತಾಡೋದು ಬ್ಯಾಡ. ಕುಂದ್ರು, ನಗು, ಉಂಡು ಬಾ. ನಿನಗ ಅದು ಬರ್ತದಲ್ಲ?"

ಸೌಮ್ಯಾ ಹೂಂ ಅಂದಳು. ಅಂದ ಮೇಲೆ ತಾನೂ ಗಿರಿಜಾಳೂ ಒಂದೇ ಸಾಲೆಯಲ್ಲಿ ಕಲಿತವರು ಎನ್ನಿಸಿತು.

ಮರುದಿನ ರೊಟ್ಟಿಯ ಗಾಡಿಯಲ್ಲಿ, ಹಿಂದೆ ಬುಟ್ಟಿಗಳ ಘಮದ ನಡುವೆ ಕೂತು ಅವಳು ಉಪ್ಪಿನಬೆಟಗೇರಿಗೆ ಹೋದಳು. ಮುಂದೆ ಡ್ರೈವರನ ಪಕ್ಕ ಪ್ರತಾಪ ಫೋನು ಒರೆಸಿಕೊಳ್ಳುತ್ತ ಕೂತಿದ್ದ. ಬಾಗಿಲಲ್ಲಿ ಕಾಳವ್ವ ಅವಳನ್ನು ಮೇಲಿಂದ ಕೆಳಗೆ ನೋಡಿ, ರೊಟ್ಟಿ ಎಲ್ಲಿ ಇಳಿಸುತ್ತೀರಿ ಎಂದು ಕೇಳಿದಳು. 'ಒಳಗ ಇಡ್ತೇವ್ರಿ' ಎಂದು ಸೌಮ್ಯಾ ಅಂದದ್ದೇ ತಡ, ಮುದುಕಿಯ ಮುಖ ಅರಳಿತು.

"ಯವ್ವಾ, ಗಿರಿಜಾ ಬಂದ್ಳ ನೋಡ್ರಿ," ಎಂದು ಒಳಗೆ ಹೇಳಿ, ಅವಳ ಗದ್ದ ಹಿಡಿದು, "ಇಷ್ಟ ಸಣ್ಣಾಕಿ ಅದಿ ಅಂತ ತಿಳಕೊಂಡಿರಲಿಲ್ಲ ಬಿಡು. ಮಾತು ಕೇಳಿದ್ರ ನಾಕು ಮಕ್ಕಳ ತಾಯಿ ಹಂಗ," ಅಂದಳು.

ಪಡಸಾಲೆಯ ತುಂಬ ಹೆಂಗಸರಿದ್ದರು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ ತೊಟ್ಟು ಸೊಸೆ ಕೂತಿದ್ದಳು. ಪಕ್ಕದ ಮಣೆ ಖಾಲಿ ಇತ್ತು. ಸೌಮ್ಯಾಳನ್ನು ಅದರ ಮೇಲೆ ಕೂರಿಸಿ, ತಲೆಗೆ ಹೂದಂಡೆ ಮುಡಿಸಿ, ಬಾಯಿಗೆ ಸಿಹಿ ಮಾದಲಿ ತುರುಕಿದರು. ಬಾಯಿ ತುಂಬಿದ್ದರಿಂದ ಮಾತಾಡುವ ಕಷ್ಟ ತಪ್ಪಿತು. ಪ್ರತಾಪ ಕಂಬಕ್ಕೆ ಆತು ವಿಡಿಯೋ ಮಾಡುತ್ತಿದ್ದ. ಸೊಸೆ ಅವಳತ್ತ ಬಾಗಿ, ನೀವು ಬರುತ್ತೀರಿ ಎಂದು ತನಗೆ ನಂಬಿಕೆಯೇ ಇರಲಿಲ್ಲ, ಫೋನಿನಲ್ಲಿ ಎಲ್ಲರೂ ಬರುತ್ತೇನೆ ಅನ್ನುತ್ತಾರಲ್ಲ ಎಂದು ಮೆಲ್ಲಗೆ ಹೇಳಿ ಅವಳ ಕೈ ಹಿಡಿದುಕೊಂಡಳು. ಕೈ ಬೆವತಿತ್ತು. ತನಗಿಂತ ಹೆಚ್ಚು ಹೆದರಿದವಳು ಇಲ್ಲೊಬ್ಬಳಿದ್ದಾಳೆ ಎಂದು ಸೌಮ್ಯಾಳಿಗೆ ಆಗ ತಿಳಿಯಿತು. ಅವಳೂ ಕೈ ಬಿಡಲಿಲ್ಲ.

ಆರತಿಯಾಯಿತು. ಕಾಳವ್ವ ಕೈಯಲ್ಲಿ ಕುಪ್ಪಸದ ಖಣ ಹಿಡಿದು ಎದುರು ನಿಂತು, ಗಿರಿಜಾಳ ಗುಣಗಾನ ಶುರು ಮಾಡಿದಳು. ತನ್ನ ದುಃಖವನ್ನು ಮನೆಯವರೂ ಇಷ್ಟು ತಾಳ್ಮೆಯಿಂದ ಕೇಳಿರಲಿಲ್ಲ, ಈ ಹುಡುಗಿ ಕೇಳಿದಳು ಎಂದಳು. ಒಬ್ಬ ಹೆಂಗಸು, ಅಷ್ಟು ಮಾತಿನ ಮಲ್ಲಿ ಇಲ್ಲಿ ಯಾಕೆ ತುಟಿ ಹೊಲಿದುಕೊಂಡಿದ್ದಾಳೆ ಎಂದು ಕೆಣಕಿದಳು. ಎಲ್ಲರೂ ನಕ್ಕರು.

"ಆಕಿ ಹೆಂಗಾರ ಇರಲಿ," ಅಂದಳು ಕಾಳವ್ವ. "ನಾ ಅಂತೂ ನಿಶ್ಚೆ ಮಾಡೇನಿ. ಹೆಣ್ಣು ಹುಟ್ಟಿದ್ರ ಗಿರಿಜಾ ಅಂತನ ಹೆಸರಿಡಾಕಿ."

ಸೊಸೆ ನಾಚಿ ತಲೆಯಾಡಿಸಿದಳು. ಪ್ರತಾಪ ಹೆಬ್ಬೆರಳೆತ್ತಿ, ನಗು ಎಂದು ಸನ್ನೆ ಮಾಡಿದ. ಎಲ್ಲರೂ ಸೌಮ್ಯಾಳ ಕಡೆ ತಿರುಗಿದರು. ಅವಳು ಹೇಳಬೇಕಾದದ್ದು ಹೂಂ ಎಂಬ ಒಂದೇ ಶಬ್ದ. ಹುಟ್ಟಿದಾಗಿನಿಂದ ಅವಳಿಗೆ ಚೆನ್ನಾಗಿ ಬರುತ್ತಿದ್ದುದು ಅದೊಂದೇ. ಇನ್ನೂ ಹುಟ್ಟದ ಒಂದು ಕೂಸು, ನಾಳೆ ಸಾಲೆಯಲ್ಲಿ ಹಾಜರಿ ಕೂಗುವಾಗ ಆ ಹೆಸರಿಗೆ ಎದ್ದು ನಿಲ್ಲುವುದು ಅವಳ ಕಣ್ಣಿಗೆ ಕಟ್ಟಿತು. ಹಿಡಿದ ಕೈ ಬಿಡದೆಯೇ ಮಣೆಯಿಂದ ಎದ್ದಳು. ಬಾಯಲ್ಲಿದ್ದ ಮಾದಲಿ ನುಂಗಿದಳು.

"ಆ ಹೆಸರ ಇಡಬ್ಯಾಡ್ರಿ ಕಾಳವ್ವಾರ," ಅಂದಳು. ಧ್ವನಿ ನಡುಗಿತು, ಗಿರಿಜಾಳದು ಎಂದೂ ನಡುಗಿರಲಿಲ್ಲ. "ಗಿರಿಜಾ ಅನ್ನಾಕಿ ಯಾರೂ ಇಲ್ರಿ. ಫೋನಿನ್ಯಾಗ ನಿಮಗ ಹೂಂ ಅಂದಿದ್ದು ಮಷೀನ್ರಿ, ಬರ್ತೇನಿ ಅಂದಿದ್ದೂ ಮಷೀನ. ಧ್ವನಿ ಅಷ್ಟ ನಂದು. ನನ್ನ ಹೆಸರು ಸೌಮ್ಯಾ. ಬಂದಾಕಿ ಮಾತ್ರ ನಾನ ಖರೇ."