ಎರಡನೇ ಬದಿ

"ಮೊದಲನೇ ಬದಿ ಹಾಗಿರ್ಲಿ, ಎರಡನೇ ಬದಿ ಹಾಕಿ ಕೇಳಿ. ಆಮೇಲೆ ಬೇಕಾದ್ರೆ ನನ್ನ ಬೈರಿ," ಎನ್ನುತ್ತ ಪಂಡಿತ ತನ್ನ ತಂಗಿಯ ರೆಕಾರ್ಡನ್ನು ಕಾಲೇಜು ಹುಡುಗಿಯೊಬ್ಬಳ ಕೈಗಿಟ್ಟ.

ಪಂಡಿತ ಎಂಬುದು ಅಂಗಡಿಯವರು ಇಟ್ಟ ಅಡ್ಡಹೆಸರು. ಹಗಲೆಲ್ಲ ವಿಮಾ ಕಚೇರಿಯ ಗುಮಾಸ್ತ. ಸಂಜೆಯಾದರೆ ಈ ರೆಕಾರ್ಡ್ ಅಂಗಡಿಯ ಕೌಂಟರಿಗೆ ಮೊಣಕೈ ಊರಿ ನಿಂತು, ಯಾವ ಬ್ಯಾಂಡು ಗಟ್ಟಿ, ಯಾವುದು ಜೊಳ್ಳು ಎಂದು ತೀರ್ಪು ಕೊಡುವವನು. ಯಾರೂ ಕೇಳದಿದ್ದರೂ ಕೊಡುತ್ತಿದ್ದ. ಅವನು ಮೂಗು ಮುರಿದರೆ ಆ ರೆಕಾರ್ಡು ಮೂಲೆ ಸೇರಿದಂತೆಯೇ. ಊರಿನ ಬ್ಯಾಂಡಿನವರು ಅವನ ನಾಲಿಗೆಗೆ ಹೆದರುತ್ತಿದ್ದರು. ಅದು ಅವನಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಅಂಗಡಿಯ ನೆಲಮಾಳಿಗೆಯಲ್ಲಿ ಇವತ್ತು ತಂಗಿಯ ಬ್ಯಾಂಡಿನ ಕಾರ್ಯಕ್ರಮ. ಅವಳು ಮೈಕು ಪರೀಕ್ಷಿಸುತ್ತಿದ್ದ "ಹಲೋ, ಹಲೋ" ಮೆಟ್ಟಿಲೇರಿ ಮೇಲೆ ಬರುತ್ತಿತ್ತು.

ಹುಡುಗಿ ರೆಕಾರ್ಡನ್ನು ಕವರಿನಿಂದ ಜಾರಿಸಿ, ಗೀರು ಬಿದ್ದಿದೆಯೇ ಎಂದು ದೀಪಕ್ಕೆ ಹಿಡಿದಳು. ತಿರುಗಿಸಿದಳು. ಮತ್ತೆ ತಿರುಗಿಸಿದಳು.

"ಸರ್, ಈ ಕಡೆ ಏನೂ ಇಲ್ವಲ್ಲ?"

"ಏನೂ ಇಲ್ಲ ಅಂದ್ರೆ?"

"ಗೆರೆಗಳೇ ಇಲ್ಲ. ನುಣ್ಣಗಿದೆ, ನೋಡಿ."

ಬೆಲೆಚೀಟಿ ಅಂಟಿಸುತ್ತಿದ್ದ ಅಂಗಡಿಯಾಕೆ ತಲೆಯೆತ್ತಿದಳು. "ಅದು ಒಂದೇ ಬದಿದು ಕಣಪ್ಪಾ. ಇರೋದೇ ನಾಲ್ಕು ಹಾಡು. ನಿನಗೆ ಗೊತ್ತಿಲ್ವಾ?"

ಪಂಡಿತನಿಗೆ ಗೊತ್ತಿರಲಿಲ್ಲ. ತಂಗಿ ಕೊಟ್ಟಿದ್ದ ರೆಕಾರ್ಡು ಅವನ ಮನೆಯಲ್ಲಿ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದೆ ಹಾಗೇ ಇತ್ತು. ಕೇಳಿ, ಅದು ಕೆಟ್ಟದಾಗಿದ್ದರೆ? ಊರಿಗೆಲ್ಲ ಮುಖಕ್ಕೆ ಹೊಡೆದಂತೆ ಹೇಳುವವನು ಒಡಹುಟ್ಟಿದವಳಿಗೆ ಸುಳ್ಳು ಹೇಳಬೇಕಾಗುತ್ತಿತ್ತು. ಆದ್ದರಿಂದ ಕೇಳದೆಯೇ ಸುಳ್ಳು ಹೇಳಿದ್ದ. ಮೊದಲ ಬದಿಯನ್ನು ಯಾರು ಬೇಕಾದರೂ ಹೊಗಳುತ್ತಾರೆ, ಎರಡನೆಯದನ್ನು ಹೊಗಳಿದರೆ ಪೂರ್ತಿ ಕೇಳಿದ್ದಾನೆಂದು ನಂಬುತ್ತಾರೆ. ಇದು ಅವನ ಹಳೆಯ ಉಪಾಯ. "ಎರಡನೇ ಬದಿ ಇನ್ನೂ ಚೆನ್ನಾಗಿದೆ ಕಣೇ," ಎಂದು ಫೋನಿನಲ್ಲಿ ಹೇಳಿದಾಗ ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಹೌದಾ ಅಣ್ಣ?" ಎಂದು, ಊಟ ಆಯಿತೇ ಎಂದು ಕೇಳಿದ್ದಳು. ಆ ಮೌನವನ್ನು ಅವನು ಸಂತೋಷ ಎಂದುಕೊಂಡಿದ್ದ.

ಈಗ ಅವಳೇ ಹೆಗಲಿಗೆ ವೈರು ಸುತ್ತಿಕೊಂಡು ಮೆಟ್ಟಿಲ ತುದಿಯಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅಣ್ಣನ ಹತ್ರ ಇರೋದು ಬೇರೆ ಪ್ರತಿ," ಎಂದಳು ಹುಡುಗಿಗೆ. "ಮೊದಲು ಎರಡೂ ಬದಿಗೆ ಮಾಡಿಸಿದ್ವಿ. ಯಾಕೋ ಸರಿಬರ್ಲಿಲ್ಲ, ಬಿಟ್ವಿ. ಅದು ಅವನೊಬ್ಬನ ಹತ್ರಾನೇ ಇರೋದು."

"ಅದಕ್ಕೇ ಮತ್ತೆ ಇವನನ್ನ ಪಂಡಿತ ಅನ್ನೋದು!" ಎಂದು ಅಂಗಡಿಯಾಕೆ ನಕ್ಕಳು. ಹುಡುಗಿ ಅವನನ್ನು ಗೌರವದಿಂದ ನೋಡಿದಳು. ತಂಗಿ ಹೀಗೆ ಸುಳ್ಳು ಹೇಳಿ ಕಾಪಾಡುವ ಬದಲು ಬೈದಿದ್ದರೆ ಅವನಿಗೆ ಇಷ್ಟು ಉರಿಯುತ್ತಿರಲಿಲ್ಲ. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ನುಂಗಿದ್ದರೂ ಹೋಗಿ ಬೀಳುತ್ತಿದ್ದದ್ದು ಅವಳ ವೇದಿಕೆಯ ಮೇಲೆಯೇ.

ತಂಗಿ ಕೆಳಗೆ ಹೊರಟಳು. ಅವನೂ ಹಿಂದೆಯೇ ಮೆಟ್ಟಿಲಿಳಿದ. "ಒಂದ್ನಿಮಿಷ ಕೇಳೇ..."

"ಕೆಟ್ಟದಾಗಿದೆ ಅಂದಿದ್ರೆ ಒಂದಿನ ಅಳ್ತಿದ್ದೆ ಅಣ್ಣ. ಅಷ್ಟೇ," ಎಂದಳು ತಿರುಗದೆ. "ಜನ ಬರ್ತಿದ್ದಾರೆ. ಮುಂದೆ ನಿನಗೆ ಜಾಗ ಇಟ್ಟಿದೀನಿ, ನಿಂತ್ಕೋ."

ಹಿಂದೆ ನಿಲ್ಲುತ್ತೇನೆ ಎನ್ನುವ ಧೈರ್ಯವೂ ಅವನಿಗೆ ಬರಲಿಲ್ಲ. ತಗ್ಗಿನ ಚಾವಣಿಯ ಕೆಳಗೆ ಜನ ಒತ್ತಿಕೊಂಡು ನಿಂತರು. ಗಿಟಾರು ಶುರುವಾಯಿತು, ತಂಗಿ ಹಾಡಿದಳು. ಹಾಡು ಚೆನ್ನಾಗಿತ್ತು. ನಿಜಕ್ಕೂ ಚೆನ್ನಾಗಿತ್ತು, ಅವನು ಇಷ್ಟು ವರ್ಷ ಕೌಂಟರಿನಲ್ಲಿ ನಿಂತು ಹೊಗಳಿದ ಎಷ್ಟೋ ಹಾಡುಗಳಿಗಿಂತ. ಇದನ್ನು ಅವಳಿಗೆ ಹೇಳಬೇಕು ಎಂದುಕೊಂಡ. ಇನ್ನು ಹೇಳಿದರೂ ಅವಳು ಯಾಕೆ ನಂಬಬೇಕು?

ಪಲ್ಲವಿ ಬಂದಾಗ ಸುತ್ತಲಿದ್ದವರೆಲ್ಲ ದನಿಗೂಡಿಸಿದರು. ಎಲ್ಲರಿಗೂ ಬಾಯಿಪಾಠ. ಮುಂದಿನ ಸಾಲಿನಲ್ಲಿ, ದೀಪದ ಬೆಳಕಿನಲ್ಲಿ, ಪಂಡಿತನೂ ತುಟಿ ಆಡಿಸಿದ, ಪ್ರತಿ ಪದಕ್ಕೂ ಒಂದಿಷ್ಟು ಹಿಂದೆ ಬೀಳುತ್ತ. ತಂಗಿಯ ಕಣ್ಣು ಅವನ ಬಾಯಿಯ ಮೇಲೆ ಬಿತ್ತು. ಅವಳು ಹಾಡು ನಿಲ್ಲಿಸಲಿಲ್ಲ. ಮೆಲ್ಲಗೆ ಡ್ರಮ್ಮಿನವನ ಕಡೆ ಮುಖ ತಿರುಗಿಸಿಕೊಂಡು, ಪಲ್ಲವಿ ಮುಗಿಯುವವರೆಗೂ ಹಾಗೇ ಹಾಡಿದಳು.