ಹಿಂದಕ್ಕೆ ಕಟ್ಟಿದ ಕೈ

ತೋಟಕ್ಕೆ ಮಳೆಯಂತೆ ನೀರೆರಚುವ ಜೆಟ್ಟು ಒಮ್ಮೆ ಕೆಮ್ಮಿ ನಿಂತೇಹೋಯಿತು. ಕೆರೆದಂಡೆಯ ಡೀಸೆಲ್ ಎಂಜಿನ್ನೂ ಸುಮ್ಮನಾಯಿತು. ತೋಟದಲ್ಲಿ ಅರ್ಧ ಕಾಫಿಗಿಡ ನೆನೆದಿತ್ತು, ಇನ್ನರ್ಧ ಒಣಗಿಯೇ ಇತ್ತು. ಹೂಮೊಗ್ಗಿಗೆ ನೀರು ಹಾಯಿಸುವಾಗ ನಡುವೆ ನಿಲ್ಲಿಸುವುದೆಂದರೆ ಉಣ್ಣುತ್ತಿರುವವರ ಮುಂದಿನ ಎಲೆ ಎಳೆದ ಹಾಗೆ. ಅರೆನೀರು ಕುಡಿದ ಮೊಗ್ಗು ಅರಳುವುದಿಲ್ಲ, ಕರಟುತ್ತದೆ.

ಕೂಸಪ್ಪ ಓಡಿಬರಲಿಲ್ಲ. ಮೂರ್ನಾಡಿನ ಈ ತೋಟಕ್ಕೆ ಮರಳುವ ಮೊದಲು ಇಪ್ಪತ್ತೆರಡು ವರ್ಷ ಸೈನ್ಯದ ಲಾರಿಗಳನ್ನು ರಿಪೇರಿ ಮಾಡಿದವನು. ಕಾಫಿ ಮುಗಿಸಿ, ಲೋಟ ಹೆಂಡತಿ ಯಮುನಳ ಕೈಗೆ ಕೊಟ್ಟು ದಂಡೆಗಿಳಿದ. ಅಷ್ಟರಲ್ಲಿ ಮಗಳು ಮೋಕ್ಷಿತಾ ಸ್ಪ್ಯಾನರ್ ಹಿಡಿದು ಎಂಜಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತಾಗಿತ್ತು. ಅವಳು ಸೈನ್ಯದಲ್ಲಿ ಕ್ಯಾಪ್ಟನ್. ಅಪ್ಪನದೇ ಕೆಲಸ, ಅಪ್ಪನಿಗಿಂತ ದೊಡ್ಡ ಪದವಿ. ಎರಡು ದೇಶಗಳ ಸೈನ್ಯ ಸೇರಿ ವಿಯೆಟ್ನಾಮಿನಲ್ಲಿ ನಡೆಸುವ ಅಭ್ಯಾಸಕ್ಕೆ ಹೋಗಿ ಅಲ್ಲಿಯ ಮೆಕ್ಯಾನಿಕರಿಗೆ ನಮ್ಮ ಯಂತ್ರ ಕಲಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ಆದರೆ ಹೋದ ತಿಂಗಳ ತಾಲೀಮಿನಲ್ಲಿ ಅವಳ ಪಾಠ ಕೇಳಿದ ಒಬ್ಬನಿಗೂ ಎಂಜಿನ್ ಶುರುಮಾಡಲು ಬಂದಿರಲಿಲ್ಲ. ಶನಿವಾರ ಇನ್ನೊಂದು ಪರೀಕ್ಷೆ. ಅದರಲ್ಲೂ ಹಾಗಾದರೆ ಬೇರೆಯವರು ಹೋಗುತ್ತಾರೆ. ಇದನ್ನು ಅವಳು ರಜೆಗೆ ಬಂದ ದಿನವೇ ಅಪ್ಪನಿಗೆ ಹೇಳಿಕೊಂಡಿದ್ದಳು.

"ಪೈಪ್‌ಗೆ ಗಾಳಿ ಹೊಕ್ಕುಟ್ಟು ಅಪ್ಪಾ. ಎರಡ್ ನಿಮಿಷ," ಅಂದಳು.

"ನಿನ್ನ ಕೈಗೆ ಗೊತ್ತುಟ್ಟು, ಅದ್ ದೊಡ್ಡದಲ್ಲ. ಜಮಿಲಾನ ಕೈಲಿ ಮಾಡ್ಸ್. ಹಿಂದಿ ಬೊತ್ತು, ಕನ್ನಡ ಬೊತ್ತು. ನಿನ್ನ ಕೈನೂ ಬೊತ್ತು." ಮಾತೂ ಬೇಡ, ಕೈಯೂ ಬೇಡ ಎಂಬುದು ಅಪ್ಪನ ಷರತ್ತು.

"ತೋಟ ಒಣಗ್ತುಟ್ಟು."

"ಒಣಗ್ಲಿ. ತೋಟ ನಂದ್."

ಈ ವರ್ಷ ಕಾಫಿಯ ಬದಲು ಪಾಠವನ್ನೇ ಕುಯ್ಯೋಣ ಎಂದು ಯಮುನ ಮೇಲಿಂದ ಗೊಣಗಿದಳು.

ಹಿಂದೆ ಭೂತಾನಿನ ಸೈನಿಕರಿಗೆ ಕಲಿಸುವಾಗ ಕೂಸಪ್ಪ ಅವರ ಕೆಲಸ ತಾನೇ ಮಾಡಿಬಿಡದಂತೆ ತನ್ನೆರಡೂ ಕೈಯನ್ನು ಬೆನ್ನ ಹಿಂದೆ ಬೆಲ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಈಗ ಮಗಳೂ ಹಾಗೇ ನಿಂತಳು. ದಂಡೆಯ ಮೇಲೆ ನಿಂತಿದ್ದ ಜಮಿಲಾ ಅಸ್ಸಾಮಿನಿಂದ ಕೆಲಸಕ್ಕೆ ಬಂದು ತೋಟದಾಳುಗಳ ಲೈನ್‌ಮನೆಯಲ್ಲಿ ಇರುವವಳು. ಹಣ್ಣು ಕುಯ್ದು ಗೊತ್ತೇ ಹೊರತು ಎಂಜಿನ್ ಮುಟ್ಟಿದವಳಲ್ಲ. ಕ್ಯಾಪ್ಟನ್ನಮ್ಮ ಗಲ್ಲದಿಂದ ದಾರಿ ತೋರಿಸುವುದನ್ನು ಕಂಡು ಅವಳಿಗೆ ನಗು ಬಂತು. ನಗುತ್ತಲೇ ಬೇರೆ ನಟ್ಟು ಸಡಿಲಿಸಿದಳು. ಡೀಸೆಲ್ ಅವಳ ಅಂಗಿಗೆ ಚಿಮ್ಮಿತು. ಮೋಕ್ಷಿತಾಳ ಕೈ ಮುಂದಕ್ಕೆ ಬಂತು. ಕೂಸಪ್ಪ ಕೆಮ್ಮಿದ. ಕೈ ಹಿಂದಕ್ಕೆ ಹೋಯಿತು.

ಮೋಕ್ಷಿತಾ ಯೋಚಿಸಿದಳು. ಆಮೇಲೆ ಕೆನ್ನೆ ಉಬ್ಬಿಸಿ, ಪೈಪಿನೊಳಗೆ ಸಿಕ್ಕಿದ ಗಾಳಿಯ ಹಾಗೆ ತುಟಿಯಲ್ಲಿ ಗುಳುಗುಳು ಸದ್ದು ಮಾಡಿದಳು. ಜಮಿಲಾಳ ನಗು ನಿಂತಿತು. ಪೈಪಿನುದ್ದಕ್ಕೂ ಬೆರಳಾಡಿಸಿ, ಸರಿಯಾದ ನಟ್ಟು ಹುಡುಕಿ ಸಡಿಲಿಸಿ, ಪಕ್ಕದ ಲಿವರ್ ಒತ್ತಿದಳು. ಮೊದಲು ನೊರೆ ಬಂತು. ಮತ್ತೆ ಒತ್ತಿದಳು, ಮತ್ತೆ ನೊರೆ. ಐದಾರು ಸಲವಾದ ಮೇಲೆ ತಿಳಿಯಾದ ಡೀಸೆಲ್ ಹರಿಯಿತು. ಮೋಕ್ಷಿತಾಳ ಗಲ್ಲ ಮೇಲೇಳುವ ಮೊದಲೇ ಜಮಿಲಾ ನಟ್ಟು ಬಿಗಿ ಮಾಡಿದ್ದಳು.

ಹ್ಯಾಂಡಲ್ ತಿರುಗಿಸಿದ್ದೂ ಅವಳೇ. ಎರಡನೆಯ ಸಲಕ್ಕೆ ಎಂಜಿನ್ ಹಿಡಿದುಕೊಂಡಿತು. ಕೂಸಪ್ಪ ಇನ್ನೊಂದು ಲೋಟ ಕಾಫಿಗೆ ಮೇಲೆ ಹತ್ತಿದ.

ಜೆಟ್ಟು ಎದ್ದು ನಿಧಾನಕ್ಕೆ ಸುತ್ತತೊಡಗಿತು. ನೀರು ದಂಡೆಯವರೆಗೂ ಬಂದು ಮೋಕ್ಷಿತಾಳ ಮುಖಕ್ಕೆ ಬಿತ್ತು. ಒರೆಸಿಕೊಳ್ಳಲೂ ಅವಳ ಕೈ ಮುಂದಕ್ಕೆ ಬರಲಿಲ್ಲ.